29–0: ಒಂದೂ ಪಂದ್ಯ ಸೋಲದ ಕಾಲೇಜು ತಂಡ, ಒಂದು ಒಡೆದ ವರ್ಷ

ರಾಯಾಪುರದಲ್ಲಿ ಕೂತು ಐಸ್ ಹಾಕಿ ಬಗ್ಗೆ ಬರೆಯುತ್ತೇವೆ ಅಂದರೆ ಮೊದಲು ನಗುವವರು ನಮ್ಮವರೇ. ಇಲ್ಲಿ ಐಸ್ ಕಾಣುವುದು ಕಬ್ಬಿನ ಹಾಲಿನ ಗಾಡಿಯಲ್ಲಿ, ಇಲ್ಲವೇ ಮೀನಿನ ಪೆಟ್ಟಿಗೆಯಲ್ಲಿ. ಹಾಕಿ ಅಂದರೆ ನಮಗೆ ನೆನಪಾಗುವುದು ಬೆಟಗೇರಿ, ಹುಬ್ಬಳ್ಳಿಯ ಸೆಟ್ಲ್‌ಮೆಂಟ್, ದೂರದ ಕೊಡಗು. ಕೆಂಪು ಮಣ್ಣಿನ ಮೈದಾನ, ಬರಿಗಾಲು, ಸವೆದ ಸ್ಟಿಕ್. ಮಾರ್ಚ್ ತಿಂಗಳಲ್ಲಿ ಪಿ.ಬಿ. ರಸ್ತೆಯ ಡಾಂಬರು ಕಾಲಿಗೆ ಅಂಟುವಾಗ, ಮಂಜುಗಡ್ಡೆಯ ಮೇಲೆ ಓಡುವ ಆಟದ ಮಾತು ಯಾರಿಗೆ ಬೇಕು?

ಆದರೂ ಅಮೆರಿಕದ ಒಂದು ಕಾಲೇಜು ತಂಡದ 1969–70ನೇ ಸಾಲಿನ ಕತೆ ನಮ್ಮನ್ನು ಬಿಡಲಿಲ್ಲ. ಕಾರಣ ಎರಡು. ಒಂದು, ಆ ತಂಡ ಆಡಿದ್ದು 29 ಪಂದ್ಯ, ಗೆದ್ದದ್ದು 29. ಸೋಲಿಲ್ಲ, ಸಮವೂ ಇಲ್ಲ. ಅಲ್ಲಿನ ಕಾಲೇಜು ಪುರುಷರ ಐಸ್ ಹಾಕಿಯ ಮೇಲ್ದರ್ಜೆಯಲ್ಲಿ ಹೀಗೆ ಪೂರ್ತಿ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆದ ತಂಡ ಇವತ್ತಿಗೂ ಅದೊಂದೇ. ಎರಡು, ಆ ತಂಡವನ್ನು ಎದುರಾಳಿಗಳು ಹಂಗಿಸುತ್ತಿದ್ದದ್ದು ‘ಹೊಲದವರು’ ಎಂದು. ಗ್ರಾಮೀಣ ಪತ್ರಿಕೋದ್ಯಮ ಓದಿದ ನಮಗೆ ಈ ಎರಡನೆಯ ಕಾರಣ ಸಾಕಿತ್ತು.

ಆಟ ಹೇಗೆ?

ನೋಡದವರಿಗಾಗಿ ಎರಡು ಮಾತು. ನಮ್ಮ ಹಾಕಿಯಲ್ಲಿ ಒಂದು ಕಡೆ ಹನ್ನೊಂದು ಜನ, ಅಲ್ಲಿ ಗೋಲಿ ಸೇರಿ ಆರೇ ಜನ. ಚೆಂಡಿನ ಬದಲು ‘ಪಕ್’ ಎಂಬ ಗಟ್ಟಿ ರಬ್ಬರಿನ ಬಿಲ್ಲೆ: ಮೂರು ಇಂಚು ಅಗಲ, ಒಂದು ಇಂಚು ದಪ್ಪ. ಪುಟಿಯಬಾರದೆಂದು ಅದನ್ನು ಮೊದಲೇ ತಣ್ಣಗೆ ಕೊರೆಸಿ ಇಟ್ಟಿರುತ್ತಾರೆ. ಸುಮಾರು 200 ಅಡಿ ಉದ್ದ, 85 ಅಡಿ ಅಗಲದ ಮಂಜಿನ ಅಂಗಳ, ಸುತ್ತ ಮರದ ಗೋಡೆ. ಇಪ್ಪತ್ತು ನಿಮಿಷದ ಮೂರು ಅವಧಿ. ಕಾಲಿಗೆ ಉಕ್ಕಿನ ಅಲಗಿನ ಬೂಟು. ಪೂರ್ಣ ವೇಗದಲ್ಲಿ ಯಾರೂ ಒಂದು ನಿಮಿಷಕ್ಕಿಂತ ಹೆಚ್ಚು ಆಡಲಾರರು. ಹಾಗಾಗಿ ಆಟ ನಡೆಯುತ್ತಿರುವಾಗಲೇ ಒಂದು ಸಾಲು ಹೊರಗೆ ಬಂದು ಇನ್ನೊಂದು ಸಾಲು ಒಳಗೆ ಜಿಗಿಯುತ್ತದೆ. ಒಬ್ಬನೇ ವೀರ ಇಡೀ ಪಂದ್ಯ ಹೊತ್ತು ಸಾಗಿಸುವ ಆಟ ಇದಲ್ಲ. ಗೋಲಿ ಒಬ್ಬನನ್ನು ಬಿಟ್ಟರೆ ಎಲ್ಲರದೂ ಪಾಳಿ.

ಹೊಲದ ಕಾಲೇಜು

ಕಾರ್ನೆಲ್ ವಿಶ್ವವಿದ್ಯಾಲಯ ಇರುವುದು ನ್ಯೂಯಾರ್ಕ್ ರಾಜ್ಯದ ಇಥಾಕಾ ಎಂಬ ಸಣ್ಣ ಊರಿನಲ್ಲಿ. ನ್ಯೂಯಾರ್ಕ್ ನಗರದಿಂದ ದೂರ, ಗುಡ್ಡ, ಕಣಿವೆ, ಡೇರಿ ಹೊಲಗಳ ನಡುವೆ. 1862ರಲ್ಲಿ ಅಮೆರಿಕದ ಸರ್ಕಾರ ಮಾರಿಲ್ ಕಾಯ್ದೆ ತಂದಿತು. ಪ್ರತಿ ರಾಜ್ಯಕ್ಕೂ ಭೂಮಿ ಕೊಟ್ಟು, ಅದರ ಹಣದಿಂದ ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜು ಕಟ್ಟಿ ಎಂದಿತು. ಆ ಕಾಯ್ದೆಯ ನೆರಳಿನಲ್ಲಿ 1865ರಲ್ಲಿ ಹುಟ್ಟಿದ್ದು ಕಾರ್ನೆಲ್.

ಇದು ನಮಗೆ ಅಷ್ಟು ದೂರದ ಸಂಗತಿಯೇನಲ್ಲ. ಭಾರತದ ಕೃಷಿ ವಿಶ್ವವಿದ್ಯಾಲಯಗಳನ್ನು ಕಟ್ಟಿದ್ದು ಇದೇ ಮಾದರಿಯಲ್ಲಿ. 1960ರಲ್ಲಿ ಪಂತನಗರ, 1964ರಲ್ಲಿ ಬೆಂಗಳೂರು, 1986ರಲ್ಲಿ ನಮ್ಮ ಧಾರವಾಡ. ಪಾಠ, ಸಂಶೋಧನೆ, ರೈತರ ಹೊಲಕ್ಕೆ ಹೋಗಿ ಹೇಳುವ ವಿಸ್ತರಣೆ, ಮೂರೂ ಒಂದೇ ಸೂರಿನಡಿ ಇರಬೇಕೆಂಬ ವಿಚಾರ ಅಲ್ಲಿಂದ ಬಂದದ್ದು. ಪ್ರತಿ ವರ್ಷ ಧಾರವಾಡದ ಕೃಷಿ ಮೇಳಕ್ಕೆ ಟ್ರ್ಯಾಕ್ಟರ್ ಕಟ್ಟಿಕೊಂಡು ಬರುವ ಜನರಿಗೆ ಕಾರ್ನೆಲ್ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಆ ಮೇಳದ ಹಿಂದಿನ ಆಲೋಚನೆಗೆ ಇಥಾಕಾ ದೂರದ ಬಳಗ.

ಕಾರ್ನೆಲ್ ‘ಐವಿ ಲೀಗ್’ ಎಂಬ ಎಂಟು ಪ್ರತಿಷ್ಠಿತ ವಿಶ್ವವಿದ್ಯಾಲಯಗಳ ಗುಂಪಿನಲ್ಲಿಯೂ ಇದೆ. ಹಾರ್ವರ್ಡ್, ಯೇಲ್ ಮುಂತಾದವರ ಪಂಕ್ತಿಯಲ್ಲಿ ಕೃಷಿ ಕಾಲೇಜು ಇರುವ ಈ ಒಬ್ಬ ಸದಸ್ಯ ಸ್ವಲ್ಪ ಕೆಳಗಿನವನು ಎಂಬ ಭಾವ ಇತ್ತು. ಐವಿ ಲೀಗಿನಲ್ಲಿ ಆಟಕ್ಕೆಂದು ವಿದ್ಯಾರ್ಥಿವೇತನ ಇಲ್ಲ. ಕಾರ್ನೆಲ್‌ನ ಕೃಷಿ ಕಾಲೇಜಿಗೆ ರಾಜ್ಯದ ನೆರವು ಇದ್ದದ್ದರಿಂದ ಅಲ್ಲಿ ಶುಲ್ಕ ಕಡಿಮೆ. ಹೀಗಾಗಿ ಕೆನಡಾದಿಂದ ಬಂದ ಹಲವು ಹಾಕಿ ಹುಡುಗರು ಸೇರಿದ್ದು ಕೃಷಿ ಕಾಲೇಜಿಗೆ. ಎದುರಾಳಿಗಳಿಗೆ ಹಂಗಿಸಲು ಇಷ್ಟು ಸಾಕಾಯಿತು. 1970ರ ದಶಕದ ಆರಂಭದಲ್ಲಿ ಹಾರ್ವರ್ಡ್ ಅಭಿಮಾನಿಗಳು ಕಾರ್ನೆಲ್‌ನ ಗೋಲಿಯತ್ತ ಕೋಳಿ ಎಸೆದರು. ಮರುಪಂದ್ಯಕ್ಕೆ ಹಾರ್ವರ್ಡ್ ತಂಡ ಇಥಾಕಾಕ್ಕೆ ಬಂದಾಗ ಕಾರ್ನೆಲ್ ಹುಡುಗರು ಮೀನು ಎಸೆದರು. ಕಡಲತೀರದವರಿಗೆ ಕಡಲಿನದೇ ಉತ್ತರ! ಆ ಮೀನು ಎಸೆಯುವ ಪದ್ಧತಿ ಇನ್ನೂ ನಿಂತಿಲ್ಲ.

ಕೆರೆಯಿಂದ ರಿಂಕಿಗೆ

ರಾಯಾಪುರದಿಂದ ಹುಬ್ಬಳ್ಳಿಗೆ ಹೋಗುವಾಗ ನವನಗರ, ಭೈರಿದೇವರಕೊಪ್ಪ ದಾಟಿದರೆ ಉಣಕಲ್ ಕೆರೆ ಸಿಗುತ್ತದೆ. ಮಳೆ ಕೈಕೊಟ್ಟ ವರ್ಷ ಆ ಕೆರೆಯ ದಂಡೆ ಹೇಗಿರುತ್ತದೆ ಎಂದು ನಾವೆಲ್ಲ ನೋಡಿದ್ದೇವೆ. ಕಾರ್ನೆಲ್‌ನ ಹಾಕಿಯೂ ಒಂದು ಕೆರೆಯ ಮರ್ಜಿಯಲ್ಲಿ ಬದುಕಿತ್ತು. ಕ್ಯಾಂಪಸ್ಸಿನೊಳಗಿನ ಬೀಬಿ ಕೆರೆ ಚಳಿಗೆ ಹೆಪ್ಪುಗಟ್ಟಿದರೆ ಆಟ. ಚಳಿ ಸಾಲದೆ ಹೋದರೆ, ಹೆಪ್ಪು ತೆಳುವಾದರೆ, ಪಂದ್ಯ ರದ್ದು. ನಮಗೆ ಮಳೆ ಹೇಗೋ ಅವರಿಗೆ ಚಳಿ ಹಾಗೆ. ಐಸ್ ನಂಬಲಾಗದೆ ಕೊನೆಗೆ 1948ರಲ್ಲಿ ತಂಡವನ್ನೇ ಕೈಬಿಟ್ಟರು. ಮುಂದೆ ಒಂಬತ್ತು ವರ್ಷ ಕಾರ್ನೆಲ್‌ಗೆ ಹಾಕಿ ತಂಡವೇ ಇರಲಿಲ್ಲ.

1957ರಲ್ಲಿ ದಾನಿಗಳ ಹಣದಿಂದ ಲೈನಾ ರಿಂಕ್ ಎಂಬ ಒಳಾಂಗಣ ಎದ್ದಿತು. ನೆಲದೊಳಗೆ ಕೊಳವೆ, ಕೊಳವೆಯಲ್ಲಿ ಹರಿಯುವ ಕೊರೆಯುವ ದ್ರವ, ಮೇಲೆ ಪದರ ಪದರವಾಗಿ ನೀರು ಬಿಟ್ಟು ಹೆಪ್ಪುಗಟ್ಟಿಸಿದ ತೆಳು ಐಸ್. ಹಾಲಿನ ಡೇರಿಯ ಚಿಲ್ಲಿಂಗ್ ಯಂತ್ರ ನೋಡಿದವರಿಗೆ ಇದರ ಹಿಂದಿನ ತತ್ವ ಹೊಸದಲ್ಲ. ಸುಮಾರು ನಾಲ್ಕು ಸಾವಿರ ಜನ ಹಿಡಿಯುವ ಆ ಸಣ್ಣ ಕಟ್ಟಡ ಎರಡು ಕೆಲಸ ಮಾಡಿತು. ಆಟಗಾರರಿಗೆ ಚಳಿಗಾಲವಿಡೀ ನಂಬಬಹುದಾದ ನೆಲ ಕೊಟ್ಟಿತು. ಚಳಿಯಲ್ಲಿ ಬೇರೆ ಮನರಂಜನೆ ಇಲ್ಲದ ಊರಿಗೆ ಸೇರಲು ಒಂದು ಜಾಗ ಕೊಟ್ಟಿತು. ಟಿಕೆಟ್ಟಿಗಾಗಿ ವಿದ್ಯಾರ್ಥಿಗಳು ರಾತ್ರಿಯಿಡೀ ಸಾಲಿನಲ್ಲೇ ಮಲಗುವುದು ಅಲ್ಲಿನ ರೂಢಿಯಾಯಿತು.

ಗೆದ್ದ ತಂಡದ ಕತೆ ಹೇಳುವಾಗ ನಾವು ಆಟಗಾರ, ಕೋಚ್ ಎಂದು ಶುರು ಮಾಡುತ್ತೇವೆ. ಆದರೆ ಇಲ್ಲಿ ಮೊದಲು ಬಂದದ್ದು ನೆಲ. ನೆಲ ಸಿಕ್ಕ ಆರು ವರ್ಷಕ್ಕೆ ಕೋಚ್ ಬಂದ, ಹತ್ತು ವರ್ಷಕ್ಕೆ ಮೊದಲ ಕಪ್ ಬಂತು.

ಹಾರ್ಕ್‌ನೆಸ್ ಮತ್ತು ಡ್ರೈಡನ್

ಕೋಚ್ ನೆಡ್ ಹಾರ್ಕ್‌ನೆಸ್ 1963ರಲ್ಲಿ ಇಥಾಕಾಕ್ಕೆ ಬಂದರು. ಅದಕ್ಕೂ ಮೊದಲು ಆರ್‌ಪಿಐ ಎಂಬ ಎಂಜಿನಿಯರಿಂಗ್ ಕಾಲೇಜಿಗೆ 1954ರ ರಾಷ್ಟ್ರೀಯ ಕಪ್ ಗೆದ್ದುಕೊಟ್ಟಿದ್ದವರು. ಕಾರ್ನೆಲ್‌ನಲ್ಲಿ ಏಳು ಸಾಲಿನಲ್ಲಿ ಅವರ ಲೆಕ್ಕ 163 ಗೆಲುವು, 27 ಸೋಲು, 2 ಸಮ. ಕೆನಡಾದ ಹುಡುಗರನ್ನು ಹುಡುಕಿ ತರುವುದು, ಬಿಡದೆ ಓಡಿಸುವುದು, ಹಿಂಬದಿ ಗಟ್ಟಿ ಇಟ್ಟುಕೊಂಡು ವೇಗದಲ್ಲಿ ಗೆಲ್ಲುವುದು ಅವರ ದಾರಿ. 1967ರಲ್ಲಿ ಬಾಸ್ಟನ್ ಯೂನಿವರ್ಸಿಟಿಯನ್ನು 4–1ರಿಂದ ಸೋಲಿಸಿ ಕಾರ್ನೆಲ್ ಮೊದಲ ಸಲ ರಾಷ್ಟ್ರೀಯ ಚಾಂಪಿಯನ್ ಆಯಿತು.

ಆ ತಂಡದ ಗೋಲಿ ಕೆನ್ ಡ್ರೈಡನ್. ಎತ್ತರದ, ಕನ್ನಡಕದ, ಇತಿಹಾಸ ಓದುತ್ತಿದ್ದ ಹುಡುಗ. ಮೂರು ಸಾಲಿನಲ್ಲಿ 76 ಪಂದ್ಯ ಗೆದ್ದು ನಾಲ್ಕನ್ನು ಮಾತ್ರ ಸೋತ. ಮುಂದೆ ಮಾಂಟ್ರಿಯಲ್ ತಂಡದಲ್ಲಿ ಆಡಿ ಲೋಕಪ್ರಸಿದ್ಧನಾದ, ವಕೀಲಿ ಓದಿದ, ಪುಸ್ತಕ ಬರೆದ, ಕೆನಡಾದಲ್ಲಿ ಸಚಿವನೂ ಆದ. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡಾಗ ಅಲ್ಲಿನ ಪತ್ರಿಕೆಗಳು ಪುಟಗಟ್ಟಲೆ ಬರೆದವು.

ಡ್ರೈಡನ್‌ನ ಆ ನಾಲ್ಕು ಸೋಲುಗಳಲ್ಲಿ ಒಂದು, ಕಾರ್ನೆಲ್ ಪರ ಅವನು ಆಡಿದ ಕೊನೆಯ ಪಂದ್ಯದಲ್ಲಿ. 1969ರ ಮಾರ್ಚ್, ರಾಷ್ಟ್ರೀಯ ಫೈನಲ್, ಎದುರಾಳಿ ಡೆನ್ವರ್, ಫಲಿತಾಂಶ 4–3. ಕಪ್ ಕೈತಪ್ಪಿತು. ಡ್ರೈಡನ್ ಪದವಿ ಪಡೆದು ಹೊರಟ. ಇನ್ನು ಈ ತಂಡದ ಕತೆ ಮುಗಿಯಿತು ಎಂದುಕೊಳ್ಳುವುದು ಸಹಜವಾಗಿತ್ತು.

1969ರ ಏಪ್ರಿಲ್

ಆ ಸೋಲಿಗೆ ಒಂದು ತಿಂಗಳಾಗಿತ್ತು. ಕಾರ್ನೆಲ್‌ನ ಕಪ್ಪು ವಿದ್ಯಾರ್ಥಿಗಳು ತಮ್ಮ ಇತಿಹಾಸ, ತಮ್ಮ ಸಂಸ್ಕೃತಿ ಕಲಿಸುವ ಪ್ರತ್ಯೇಕ ಅಧ್ಯಯನ ಕೇಂದ್ರ ಬೇಕೆಂದು ಬಹಳ ದಿನದಿಂದ ಕೇಳುತ್ತಿದ್ದರು. ಪ್ರತಿಭಟಿಸಿದವರ ಮೇಲೆ ಶಿಸ್ತುಕ್ರಮ ನಡೆದಿತ್ತು. ಏಪ್ರಿಲ್ 18ರ ನಸುಕಿನಲ್ಲಿ ಕಪ್ಪು ವಿದ್ಯಾರ್ಥಿನಿಯರು ವಾಸವಿದ್ದ ಮನೆಯ ಮುಂದೆ ಯಾರೋ ಶಿಲುಬೆಗೆ ಬೆಂಕಿ ಹಚ್ಚಿದರು. ಅಮೆರಿಕದಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು, ಅದು ಕೊಲೆಯ ಬೆದರಿಕೆ. ಮರುದಿನ, ತಂದೆತಾಯಂದಿರು ಮಕ್ಕಳನ್ನು ನೋಡಲು ಬರುವ ವಾರಾಂತ್ಯದಲ್ಲಿ, ಕಪ್ಪು ವಿದ್ಯಾರ್ಥಿಗಳು ವಿದ್ಯಾರ್ಥಿ ಭವನವಾದ ವಿಲ್ಲರ್ಡ್ ಸ್ಟ್ರೇಟ್ ಹಾಲ್ ಅನ್ನು ವಶಪಡಿಸಿಕೊಂಡರು. ಕೆಲವು ಬಿಳಿಯ ವಿದ್ಯಾರ್ಥಿಗಳು ನುಗ್ಗಿ ಅವರನ್ನು ಹೊರಹಾಕಲು ನೋಡಿದರು. ಆಮೇಲೆ ಒಳಗಿದ್ದವರು ರಕ್ಷಣೆಗೆಂದು ಬಂದೂಕು ತರಿಸಿಕೊಂಡರು.

ಏಪ್ರಿಲ್ 20ರಂದು ಒಪ್ಪಂದವಾಗಿ ಅವರು ಬಂದೂಕು ಹಿಡಿದೇ ಬಾಗಿಲಿನಿಂದ ಹೊರಗೆ ನಡೆದರು. ಒಂದು ಗುಂಡೂ ಹಾರಲಿಲ್ಲ. ಆ ಕ್ಷಣವನ್ನು ಅಸೋಸಿಯೇಟೆಡ್ ಪ್ರೆಸ್ಸಿನ ಸ್ಟೀವ್ ಸ್ಟಾರ್ ಸೆರೆಹಿಡಿದರು. ಆ ಚಿತ್ರಕ್ಕೆ 1970ರ ಪುಲಿಟ್ಜರ್ ಬಂತು. ವಿಶ್ವವಿದ್ಯಾಲಯದ ಅಧ್ಯಕ್ಷ ಜೇಮ್ಸ್ ಪರ್ಕಿನ್ಸ್ ಹುದ್ದೆ ಬಿಟ್ಟರು. ಅಧ್ಯಾಪಕರಲ್ಲಿ ಎರಡು ಬಣವಾಯಿತು. ಬೇಸಿಗೆ ರಜೆ ಮುಗಿಸಿ ಬಂದ ವಿದ್ಯಾರ್ಥಿಗಳು ಕಾಲಿಟ್ಟದ್ದು ಒಡೆದ ಮನೆಗೆ. ಕೇಳಿದ್ದ ಅಧ್ಯಯನ ಕೇಂದ್ರ ಮಾತ್ರ ಅದೇ ವರ್ಷ ಶುರುವಾಯಿತು.

ಇದೇ ಚಳಿಗಾಲದಲ್ಲಿ, ಇದೇ ಕ್ಯಾಂಪಸ್ಸಿನಲ್ಲಿ, ಡ್ರೈಡನ್ ಇಲ್ಲದ ಹಾಕಿ ತಂಡ ಐಸಿಗೆ ಇಳಿಯಿತು.

ಇಪ್ಪತ್ತೊಂಬತ್ತು ಸಂಜೆಗಳು

ಡ್ರೈಡನ್ ಜಾಗಕ್ಕೆ ಬಂದವನು ಬ್ರಯನ್ ಕ್ರಾಪರ್, ಸಣ್ಣ ಆಳು. ಡ್ರೈಡನ್ ನಿಂತರೆ ಗೋಲು ಮುಚ್ಚುತ್ತಿತ್ತು, ಕ್ರಾಪರ್ ಜಿಗಿದು ಮುಚ್ಚಬೇಕಿತ್ತು. ಅವನ ಮುಂದೆ ಡ್ಯಾನ್ ಲೊಡ್ಬೋವಾ. ಮುಂದಿನ ಸಾಲಿನಲ್ಲಿ ಗೋಲು ಹೊಡೆಯುತ್ತಿದ್ದ ಅವನನ್ನು ಹಾರ್ಕ್‌ನೆಸ್ ಹಿಂದಕ್ಕೆ, ರಕ್ಷಣೆಗೆ ಹಾಕಿದ್ದರು. ಹಿಂದೆ ನಿಂತವನು ಇಡೀ ಅಂಗಳ ನೋಡುತ್ತಾನೆ. ಜಾಗ ಕಂಡಾಗ ತಾನೇ ಪಕ್ ತೆಗೆದುಕೊಂಡು ಹೊರಡುತ್ತಾನೆ. ಇನ್ನೊಬ್ಬ ಡಿಕ್ ಬರ್ಟ್ರಾಂಡ್, ಟೊರಾಂಟೊದಲ್ಲಿ ಪೊಲೀಸ್ ಆಗಿದ್ದು ತಡವಾಗಿ ಕಾಲೇಜಿಗೆ ಬಂದವನು, ಉಳಿದವರಿಗಿಂತ ವಯಸ್ಸಿನಲ್ಲಿ ದೊಡ್ಡವನು. ನಮ್ಮ ಕಡೆ ಇಂಥವನನ್ನು ಹುಡುಗರು ‘ಅಣ್ಣಾ’ ಅಂತಲೇ ಕರೆಯುತ್ತಿದ್ದರು.

ಒಬ್ಬ ದೊಡ್ಡ ಹೆಸರಿನವನು ಹೋದ ಮೇಲೆ ಉಳಿದವರ ಕೆಲಸ ಹಂಚಿಹೋಗುತ್ತದೆ. ಹಿಂದೆ ಡ್ರೈಡನ್ ಇದ್ದಾನೆ ಎಂಬ ಧೈರ್ಯ ಇಲ್ಲದಾಗ, ಪಕ್ ಅಲ್ಲಿಯವರೆಗೆ ಹೋಗದಂತೆ ನೋಡಿಕೊಳ್ಳುವುದು ಎಲ್ಲರ ಕೆಲಸ. ಡ್ರೈಡನ್ ಇದ್ದ ಯಾವ ಸಾಲಿನಲ್ಲೂ ಆಗದ್ದು ಅವನಿಲ್ಲದ ಸಾಲಿನಲ್ಲಿ ಆಯಿತು. ಗೆಲುವುಗಳೆಲ್ಲ ಸುಲಭದವೇನಲ್ಲ. ಪೂರ್ವದ ಕಾಲೇಜುಗಳ ಇಸಿಎಸಿ ಟೂರ್ನಿಯ ಫೈನಲ್‌ನಲ್ಲಿ ಕ್ಲಾರ್ಕ್‌ಸನ್ ವಿರುದ್ಧ 3–2, ಒಂದೇ ಗೋಲಿನ ಅಂತರ.

ಆಗ ರಾಷ್ಟ್ರೀಯ ಟೂರ್ನಿಗೆ ನಾಲ್ಕೇ ತಂಡ, ಪೂರ್ವದಿಂದ ಎರಡು, ಪಶ್ಚಿಮದಿಂದ ಎರಡು. 1970ರ ಮಾರ್ಚಿನಲ್ಲಿ ಅದು ನಡೆದದ್ದು ಲೇಕ್ ಪ್ಲಾಸಿಡ್‌ನಲ್ಲಿ, 1932ರ ಚಳಿಗಾಲದ ಒಲಿಂಪಿಕ್ಸ್‌ಗೆ ಕಟ್ಟಿದ ಅಂಗಳದಲ್ಲಿ. ಸೆಮಿಫೈನಲ್‌ನಲ್ಲಿ ಮೊದಲ ಬಾರಿ ಅಲ್ಲಿಗೆ ಬಂದಿದ್ದ ವಿಸ್ಕಾನ್ಸಿನ್ ವಿರುದ್ಧ 2–1. ಮತ್ತೆ ಒಂದೇ ಗೋಲು. ಫೈನಲ್‌ನಲ್ಲಿ ಮತ್ತೆ ಕ್ಲಾರ್ಕ್‌ಸನ್.

ಮಾರ್ಚ್ 21. ಎರಡು ಅವಧಿ ಕಳೆದರೂ ಕಾರ್ನೆಲ್‌ಗೆ ಕ್ಲಾರ್ಕ್‌ಸನ್ ತಂಡವನ್ನು ಹಿಂದೆ ಹಾಕಲಾಗಲಿಲ್ಲ. ಇಪ್ಪತ್ತೆಂಟು ಗೆಲುವು ಬೆನ್ನ ಮೇಲೆ ಹೊತ್ತವರಿಗೆ ಕೊನೆಯ ಇಪ್ಪತ್ತು ನಿಮಿಷ. ಇಲ್ಲಿ ಸೋತರೆ ಉಳಿದ ಇಪ್ಪತ್ತೆಂಟನ್ನು ಯಾರೂ ನೆನಪಿಡುವುದಿಲ್ಲ. ಆ ಅವಧಿಯಲ್ಲಿ ಕಾರ್ನೆಲ್ ಹೊಡೆದದ್ದು ಮೂರು ಗೋಲು. ಮೂರನ್ನೂ ಹೊಡೆದವನು ಲೊಡ್ಬೋವಾ, ರಕ್ಷಣೆಯವನು. 6–4. ಟೂರ್ನಿಯ ಶ್ರೇಷ್ಠ ಆಟಗಾರನೂ ಅವನೇ. ಇಪ್ಪತ್ತೊಂಬತ್ತು–ಸೊನ್ನೆ.

ಹನ್ನೊಂದು ದಿನದ ನಂತರ

ಆಟದ ಪುಸ್ತಕಗಳು ಇಲ್ಲಿಗೆ ನಿಲ್ಲುತ್ತವೆ. ನಾವು ಇನ್ನೊಂದು ಪುಟ ತಿರುಗಿಸಿದೆವು.

ಏಪ್ರಿಲ್ 1, 1970. ಕಪ್ ಗೆದ್ದು ಹನ್ನೊಂದನೆಯ ದಿನ. ವಿದ್ಯಾರ್ಥಿಗಳು ಹೋರಾಡಿ ಪಡೆದಿದ್ದ ಆಫ್ರಿಕಾನಾ ಅಧ್ಯಯನ ಕೇಂದ್ರದ ಕಟ್ಟಡಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟರು. ಪುಸ್ತಕ, ಕಾಗದಪತ್ರ, ಸಂಗ್ರಹ ಎಲ್ಲ ಬೂದಿ.

ಈ ಎರಡು ತಾರೀಖುಗಳನ್ನು ಒಂದೇ ಹಾಳೆಯ ಮೇಲೆ ಬರೆದು ನೋಡಿದಾಗ ನಮ್ಮಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ‘ಆಟ ಜನರನ್ನು ಒಂದು ಮಾಡಿತು’ ಎಂಬ ವಾಕ್ಯ ನಮ್ಮ ಕರಡಿನಲ್ಲಿ ಮೊದಲೇ ಬಂದು ಕೂತಿತ್ತು. ಕ್ರೀಡಾ ವರದಿ ಬರೆಯುವಾಗ ಆ ವಾಕ್ಯ ತಾನಾಗಿಯೇ ಬರುತ್ತದೆ. ಅದನ್ನು ಹೊಡೆದು ಹಾಕಿದೆವು. ಲೈನಾ ರಿಂಕಿನಲ್ಲಿ ನಾಲ್ಕು ಸಾವಿರ ಜನ ಒಂದೇ ದನಿಯಲ್ಲಿ ಕೂಗಿದ್ದು ನಿಜ. ಅದೇ ಕ್ಯಾಂಪಸ್ಸಿನ ಇನ್ನೊಂದು ಬದಿಯಲ್ಲಿ ಹೆದರಿಕೊಂಡು ಮಲಗಿದವರಿದ್ದರು ಎನ್ನುವುದೂ ನಿಜ. ಒಂದು ಸತ್ಯ ಇನ್ನೊಂದನ್ನು ಅಳಿಸುವುದಿಲ್ಲ. ಹುಡುಗರ ಗೆಲುವು ಇದರಿಂದ ಚಿಕ್ಕದಾಗುವುದಿಲ್ಲ. ಆದರೆ ಗೆಲುವಿನ ಹೆಗಲ ಮೇಲೆ ಅದು ಹೊರದ ಭಾರ ಹೊರಿಸಬಾರದು.

ಸೊನ್ನೆಯ ಮಾತು ಇನ್ನೂ ಒಂದು ಕಡೆ ಪರೀಕ್ಷೆಗೆ ನಿಂತಿತು. ಒಂದೂ ಪಂದ್ಯ ಸೋಲದ ಕೋಚ್ ಹಾರ್ಕ್‌ನೆಸ್ ಅವರನ್ನು ಡೆಟ್ರಾಯಿಟ್‌ನ ವೃತ್ತಿಪರ ತಂಡ ಕರೆದುಕೊಂಡು ಹೋಯಿತು. ಅಲ್ಲಿ 38 ಪಂದ್ಯದಲ್ಲಿ ಗೆದ್ದದ್ದು 12. ಕಾಲೇಜು ಹುಡುಗರನ್ನು ನಡೆಸಿದ ರೀತಿಯಲ್ಲಿ ಸಂಬಳದ ಆಟಗಾರರನ್ನು ನಡೆಸಲಾಗಲಿಲ್ಲ. ಇತ್ತ ಇಥಾಕಾದಲ್ಲಿ ಕೋಚ್ ಆದವನು, ಕೆಲವೇ ತಿಂಗಳ ಹಿಂದೆ ಅದೇ ತಂಡದಲ್ಲಿ ಆಡಿದ್ದ ‘ಅಣ್ಣ’ ಬರ್ಟ್ರಾಂಡ್.

ಸೋತ ಕ್ಲಾರ್ಕ್‌ಸನ್‌ದೂ ಒಂದು ಕತೆ ಇದೆ. 1955–56ರಲ್ಲಿ ಅವರೂ 23–0. ಆದರೆ ಕೆಲವು ಹಿರಿಯ ಆಟಗಾರರು ರಾಷ್ಟ್ರೀಯ ಟೂರ್ನಿಯ ನಿಯಮದಂತೆ ಅರ್ಹರಲ್ಲ ಎಂದಾಯಿತು. ಅವರನ್ನು ಬಿಟ್ಟು ಹೋಗುವುದಕ್ಕಿಂತ ಹೋಗದಿರುವುದೇ ಲೇಸೆಂದು ತಂಡ ಟೂರ್ನಿಯನ್ನೇ ಬಿಟ್ಟಿತು. ಅವರ ಸೊನ್ನೆಯೂ ಸೊನ್ನೆಯೇ, ಕಪ್ ಮಾತ್ರ ಇಲ್ಲ.

ಐವತ್ತು ವರ್ಷದ ಬಳಿಕ, 2019–20ರಲ್ಲಿ, ಕಾರ್ನೆಲ್ ಮತ್ತೆ ದೇಶದ ಮೊದಲ ಶ್ರೇಯಾಂಕಕ್ಕೆ ಏರಿತು. 23 ಗೆಲುವು, 2 ಸೋಲು, 4 ಸಮ. ಟೂರ್ನಿ ಹತ್ತಿರ ಬಂದಿತ್ತು. ಮಾರ್ಚ್ 12, 2020ರಂದು ಕೊರೊನಾದಿಂದ ಎಲ್ಲ ಟೂರ್ನಿ ರದ್ದು. ಅದೇ ದಿನ ರಾತ್ರಿ ನಮ್ಮ ಕಲಬುರಗಿಯ ಹಿರಿಯರೊಬ್ಬರ ಸಾವು ದೇಶದ ಮೊದಲ ಕೊರೊನಾ ಸಾವು ಎಂದು ಖಚಿತವಾಯಿತು. ಇಥಾಕಾದ ಹುಡುಗರು ಸ್ಕೇಟು ಬಿಚ್ಚಿಟ್ಟ ಹೊತ್ತಿಗೆ ನಮ್ಮ ಕಡೆ ಬಾಗಿಲು ಮುಚ್ಚಲು ಶುರುವಾಗಿತ್ತು.

ಬರೆದಿಟ್ಟವರು

ಕೊನೆಗೆ ನಮ್ಮನ್ನು ಕಾಡಿದ ಪ್ರಶ್ನೆ ಬೇರೆ. ಅರ್ಧ ಶತಮಾನದ ಹಿಂದಿನ ಒಂದು ಕಾಲೇಜು ತಂಡದ ಕತೆಯನ್ನು, ಅದರ ಸುತ್ತಲಿನ ಜಗಳ ಬೆಂಕಿ ಸಮೇತ, ರಾಯಾಪುರದಲ್ಲಿ ಕೂತು ಹೇಳಲು ಸಾಧ್ಯವಾದದ್ದು ಹೇಗೆ? ಬರೆದಿಟ್ಟವರಿದ್ದರು. ಕಾರ್ನೆಲ್ ವಿದ್ಯಾರ್ಥಿಗಳು 1880ರಿಂದ ತಮ್ಮದೇ ದಿನಪತ್ರಿಕೆ ನಡೆಸುತ್ತಾರೆ, ‘ಕಾರ್ನೆಲ್ ಡೇಲಿ ಸನ್’. ಹಾಕಿಯ ಗೋಲನ್ನೂ, ಸ್ಟ್ರೇಟ್ ಹಾಲಿನ ಬಂದೂಕನ್ನೂ ಬರೆದವರು ನಮ್ಮ ವಯಸ್ಸಿನ ಹುಡುಗ ಹುಡುಗಿಯರೇ.

ನಾವು ಓದಿದ ಕಾಲೇಜೊಂದರ ಕಪಾಟಿನಲ್ಲಿ ಹಾಕಿಯ ಟ್ರೋಫಿಗಳು ಸಾಲಾಗಿ ನಿಂತಿದ್ದವು. ಒಮ್ಮೆ ಧೂಳು ಒರೆಸಿ ನೋಡಿದೆವು. ವರ್ಷ ಇತ್ತು, ‘ವಿಜೇತರು’ ಎಂದಿತ್ತು. ಯಾರ ವಿರುದ್ಧ, ಎಷ್ಟಕ್ಕೆ ಎಷ್ಟು, ಗೋಲಿ ಯಾರು, ಯಾವ ಊರಿನ ಹುಡುಗ, ಸ್ಟಿಕ್ ಸ್ವಂತದ್ದೋ ಕಡ ತಂದದ್ದೋ? ಕೇಳಿದರೆ ಅಲ್ಲಿದ್ದ ಹಿರಿಯ ಸಿಬ್ಬಂದಿಯೊಬ್ಬರು ನಕ್ಕು, ‘ಅದನ್ನೆಲ್ಲಾ ಯಾರು ಬರದಿಡತಾರ್ರೀ’ ಅಂದರು.

ಸೆಟ್ಲ್‌ಮೆಂಟಿನ ಕತೆ ಇದಕ್ಕಿಂತ ಭಾರ. ಬ್ರಿಟಿಷರು ಕೆಲವು ಜನಾಂಗಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಕಾಯ್ದೆ ಮಾಡಿ, ಹಾಜರಿ ಹಾಕಿಸಿ, ಬೇಲಿಯೊಳಗೆ ಇಟ್ಟ ಜಾಗ ಅದು. ಆ ಕಾಯ್ದೆ ದೇಶದಲ್ಲಿ ಪೂರ್ತಿ ಹೋದದ್ದು 1952ರಲ್ಲಿ. ಸರ್ಕಾರ ಅಲ್ಲಿನವರ ಹೆಸರು ಬರೆದಿಟ್ಟದ್ದು ಹಾಜರಿ ಪುಸ್ತಕದಲ್ಲಿ. ಅವರ ಮಕ್ಕಳು, ಮೊಮ್ಮಕ್ಕಳು ಹೊಡೆದ ಗೋಲನ್ನು ಬರೆದಿಡುವ ಪುಸ್ತಕ ಬೇರೆಯೇ ಆಗಬೇಕು. ಅದನ್ನು ಬರೆಯುವುದು ಯಾವ ಇಲಾಖೆಯ ಕೆಲಸವೂ ಅಲ್ಲ. ಹತ್ತಿರ ಇರುವವರ ಕೆಲಸ, ಅಂದರೆ ನಮ್ಮದು.

ಹಾಗಾಗಿ ಈ ಮಳೆಗಾಲ ಮುಗಿದ ಮೇಲೆ ಒಂದು ನೋಟ್‌ಬುಕ್ಕು ಹಿಡಿದು ಮೈದಾನಕ್ಕೆ ಹೋಗುವುದೆಂದು ಮಾತಾಡಿಕೊಂಡಿದ್ದೇವೆ. ಅಂತರ ಕಾಲೇಜು ಹಾಕಿ ಪಂದ್ಯಗಳು ಶುರುವಾದ ದಿನದಿಂದ ಮುಗಿಯುವ ದಿನದವರೆಗೆ, ಗೆದ್ದದ್ದು, ಸೋತದ್ದು, ಮೈದಾನ ಸಿಗದೆ ರದ್ದಾದದ್ದು, ಎಲ್ಲ ಬರೆಯುವುದು. ಸ್ಕೋರಿನ ಪಕ್ಕದ ಕಾಲಂ ಖಾಲಿ ಬಿಡುತ್ತೇವೆ, ಆ ವಾರ ಊರಿನಲ್ಲಿ ಮತ್ತೇನಾಯಿತು ಎಂದು ಬರೆಯಲು. ನಿಮ್ಮ ಮನೆಯಲ್ಲಿ ಹಳೆಯ ತಂಡದ ಫೋಟೊ ಇದ್ದರೆ, ಹಿಂಬದಿಯಲ್ಲಿ ಹೆಸರುಗಳನ್ನು ಇವತ್ತೇ ಬರೆದಿಡಿ. ಗುರುತು ಹಿಡಿಯುವವರು ಇನ್ನೂ ಇದ್ದಾರೆ.